ಕಾಕಾನ ಬಂದೂಕು, ಅಕ್ಕನ ಎಲೆಕ್ಷನ್

ಕಳವು ಮಾಡದೆ, ಕೊಲೆ ಮಾಡದೆ, ಕೋರ್ಟಿನ ಮೆಟ್ಟಿಲು ಹತ್ತದೆ ಜನ್ಮವಿಡೀ ಕೈದಿಯಾಗಿದ್ದ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮ ಕಾಕಾ, ಅಪ್ಪನ ತಮ್ಮ! ಅವನನ್ನು ಹಿಡಿದು ಹಾಕಿದ್ದು ಪೊಲೀಸರಲ್ಲ, ಅವನದೇ ಬಂದೂಕು. ಅದೂ ಲೈಸೆನ್ಸ್ ಇದ್ದ ಬಂದೂಕು ಮತ್ತೆ!

ಕುರಕುಂಟಾದಲ್ಲಿ ನಮ್ಮ ಮನೆತನದ ತೊಗರಿ ಹೊಲ. ಅದಕ್ಕೆ ಕಾಡುಹಂದಿಗಳ ಕಾಟ. ಬೆಳೆ ಕಾಯಲಿಕ್ಕೆ ಅಂತ ಅಜ್ಜ ಒಂದು ಜೋಡುನಳಿಗೆ ಬಂದೂಕು ತಂದಿದ್ದ. ಅಜ್ಜ ಹೋದ ಮೇಲೆ ಲೈಸೆನ್ಸು ಕಾಕಾನ ಹೆಸರಿಗೆ ಬಂತು. ಬಂದೂಕು ಕೈಗೆ ಕೊಡುವಾಗ ಅವತ್ತಿನ ಠಾಣೆಯ ಸಾಹೇಬರು ಒಂದು ಮಾತು ಹೇಳಿದರಂತೆ: "ನೋಡು, ಇದು ಒಂದಾ ನಿನ್ನ ಕಣ್ಣ ಮುಂದ ಇರಬೇಕು, ಇಲ್ಲಾ ನಮ್ಮ ಠಾಣೇದಾಗ ಇರಬೇಕು. ಮೂರನೇ ಜಾಗ ಇಲ್ಲ. ತಿಳೀತೇನು?"

ಕಾಕಾನಿಗೆ ತಿಳೀತು. ಭಾಳ ತಿಳೀತು. ಅಷ್ಟು ತಿಳಿಯಬಾರದಿತ್ತು.

ಅವತ್ತಿನಿಂದ ಬಂದೂಕು ಅವನ ಹೆಗಲು ಬಿಟ್ಟು ಇಳಿಯಲಿಲ್ಲ. ಚಿತ್ತಾಪುರಕ್ಕೆ ಬೀಜ ತರಲಿಕ್ಕೆ ಹೋದರೂ ಬಂದೂಕು, ಚಿಂಚೋಳಿಗೆ ಎತ್ತು ನೋಡಲಿಕ್ಕೆ ಹೋದರೂ ಬಂದೂಕು. ಕಟಿಂಗ್ ಅಂಗಡಿಯಲ್ಲಿ ಕೂತರೆ ತೊಡೆಯ ಮೇಲೆ ಬಂದೂಕು. ಅಂಗಡಿಯವನ ಕೈ ನಡುಗದೆ ಏನು ಮಾಡೀತು? ಅದಕ್ಕೇ ನಮ್ಮ ಕಾಕಾನ ಮೀಸೆ ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ.

"ನನ್ನ ಬಿಟ್ಟು ತಿಂಗಳಗಟ್ಟಲೆ ಇರಾಕ ತಯಾರ ಇದ್ದಾರವ್ವ," ಅಂತ ಕಾಕಿ ನನ್ನ ಮುಂದೆ ತೋಡಿಕೊಳ್ಳುತ್ತಿದ್ದಳು. "ಆ ಕಬ್ಬಿಣ ಬಿಟ್ಟು ಒಂದು ತಾಸು ಇರಂಗಿಲ್ಲ. ಸವತಿ ಬಂದಿದ್ರ ಜುಟ್ಟ ಹಿಡಿದು ಜಗಳರ ಮಾಡ್ತಿದ್ದೆ. ಇದರ ಸಂಗಟ ಏನಂತ ಜಗಳಾಡ್ಲಿ?"

ಹಂದಿ ಹೊಡೆದನೇ ಅಂತ ಕೇಳುತ್ತೀರಾ? ಛೇ ಛೇ! ಹಂದಿ ಹೊಡೆಯಲಿಕ್ಕೆ ಮತ್ತೊಂದು ಪರವಾನಗಿ ಬೇಕಂತೆ, ಹಾರಿಸಿದ ತೋಟಾಕ್ಕೆ ಲೆಕ್ಕ ಬೇಕಂತೆ. ಬಂದೂಕು ಹೆಗಲಿಗೆ ಹಾಕಿಕೊಂಡು, ಊಟದ ತಾಟು ಬಡಿದು ಹಂದಿ ಓಡಿಸುತ್ತಿದ್ದ ಮಹಾನುಭಾವ ಅವನು. ಹಂದಿಗಳಿಗೂ ಮನುಷ್ಯನ ಗುಣ ಗೊತ್ತಾಗಿತ್ತು ಅಂತ ಕಾಣುತ್ತದೆ. ತಾಟಿನ ಸದ್ದು ನಿಂತ ಮೇಲೆ ಆರಾಮಾಗಿ ಬಂದು ಮೇಯುತ್ತಿದ್ದವು.

ನನ್ನ ಮದುವೆ ಶಹಾಬಾದದಲ್ಲಿ ಆಯಿತು. ಗಂಡನ ಮನೆಯವರದು ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಪಾಲಿಶ್ ಮಾಡುವ ಕೆಲಸ. ಮಂದಿ ಸೇರಿದಲ್ಲಿ ಬಂದೂಕು ಒಯ್ಯಬಾರದು ಅಂತ ಕಾಕಾ ಮಂಟಪದ ಒಳಗೆ ಬರಲೇ ಇಲ್ಲ. ಹೊರಗೆ ಒಟ್ಟಿದ್ದ ಕಲ್ಲಿನ ರಾಶಿಯ ಮೇಲೆ, ತಲೆಗೆ ಪಟಗ ಸುತ್ತಿಕೊಂಡು, ಬಂದೂಕು ನಿಲ್ಲಿಸಿಕೊಂಡು ಕೂತ. ಅಕ್ಷತೆಯನ್ನೂ ಅಲ್ಲಿಂದಲೇ ಎಸೆದ. ಅದು ಅಡುಗೆಯವನ ತಲೆ ಮೇಲೆ ಬಿತ್ತು. "ಹೊರಗ ಬಂದೂಕ ಹಿಡಕೊಂಡು ಕುಂತಾರಲ್ಲ, ಅವರು ಯಾರ್ರಿ?" ಅಂತ ಬೀಗರು ಮೆಲ್ಲಗೆ ಕೇಳಿದರು. "ಹುಡುಗೀ ಕಾಕಾ," ಅಂದರು ನಮ್ಮವರು. ಅವತ್ತಿನಿಂದ ಇವತ್ತಿನವರೆಗೆ ನಮ್ಮ ಅತ್ತೆ ನನ್ನ ಮೇಲೆ ದನಿ ಏರಿಸಿಲ್ಲ ನೋಡ್ರಿ!

ಇಷ್ಟೇ ಆಗಿದ್ದರೆ ನಕ್ಕು ಬಿಟ್ಟುಬಿಡಬಹುದಿತ್ತು. ಆದರೆ ಆ ಲೈಸೆನ್ಸು ಕರ್ನಾಟಕಕ್ಕೆ ಮಾತ್ರ. ಕಾಕಾನ ಅಕ್ಕನ ಮನೆ ಗಡಿಯಾಚೆ, ತಾಂಡೂರಿನಲ್ಲಿ.

ನನಗೆ ಆಕೆ ಸೋದರತ್ತಿ. ಕಾಕಾನಿಗೆ ಅಕ್ಕ ಅನ್ನುವುದಕ್ಕಿಂತ ತಾಯಿ. ಅಜ್ಜಿ ಸಣ್ಣ ವಯಸ್ಸಿನಲ್ಲೇ ಹೋದದ್ದರಿಂದ ತಮ್ಮನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಕುರಕುಂಟಾದಿಂದ ತಾಂಡೂರು ಎಷ್ಟು ದೂರ ಅಂತೀರಿ? ರೈಲಿನಲ್ಲಿ ಕೂತು ಒಂದು ನಿದ್ದೆ ಪೂರಾ ಆಗುವುದಿಲ್ಲ. ನಮ್ಮ ಕಡೆಯ ಮಂದಿ ದಿನಾ ಹೋಗಿ ಬರುತ್ತಾರೆ. ದನ ಹೋಗುತ್ತವೆ, ಕುರಿ ಹೋಗುತ್ತವೆ. ಕಾಕಾ ಮಾತ್ರ ಹೋಗುವ ಹಾಗಿರಲಿಲ್ಲ. ಬಂದೂಕು ಒಯ್ದರೆ ಕಾಯ್ದೆ ಮುರಿದಂತೆ, ಮನೆಯಲ್ಲಿ ಬಿಟ್ಟರೆ ಸಾಹೇಬರ ಮಾತು ಮುರಿದಂತೆ!

"ಆ ರಾಜ್ಯಕ್ಕೂ ಪರವಾನಗಿ ಕೇಳು ಕಾಕಾ," ಅಂದೆ ಒಮ್ಮೆ.

"ಯಾಕ ಬೇಕು ಅಂತ ಕೇಳ್ತಾರ. ಅಕ್ಕನ ಮನ್ಯಾಗ ರೊಟ್ಟಿ ಉಣ್ಣಾಕ ಅಂತ ಬರಕೊಡ್ಲ್ಯಾ?"

ಆಂಧ್ರ ಒಡೆದು ಹೊಸ ರಾಜ್ಯ ಆಗುವಾಗ ಅವನಿಗೊಂದು ಆಸೆ ಹುಟ್ಟಿತ್ತು. ಹೆಂಗೂ ಒಡೆಯುತ್ತಾರೆ, ಈ ಕಡೆಯ ಒಂದು ಚೂರು ನಮಗೆ ಬರಬಹುದೇನೋ ಅಂತ! ರಾಜ್ಯದ ಹೆಸರು ಬದಲಾಯಿತು. ಗಡಿ ಅಲ್ಲೇ ಉಳಿಯಿತು.

ಹಾಗಾದರೆ ಅಕ್ಕ ತಮ್ಮ ಭೇಟಿಯಾಗುತ್ತಿದ್ದುದು ಯಾವಾಗ? ನಾಗರ ಪಂಚಮಿಗೆ ಅತ್ತಿ ತವರಿಗೆ ಬರುತ್ತಿದ್ದಳು. ಅದು ಬಿಟ್ಟರೆ ಎಲೆಕ್ಷನ್ ಬಂದಾಗ! ನಗಬೇಡ್ರಿ. ಎಲೆಕ್ಷನ್ ಬಂತೆಂದರೆ ಲೈಸೆನ್ಸ್ ಇದ್ದವರೆಲ್ಲ ಬಂದೂಕನ್ನು ಠಾಣೆಯಲ್ಲಿ ಇಡಬೇಕು, ರಿಸಲ್ಟ್ ಬಂದ ಮೇಲೆ ವಾಪಸು ತರಬೇಕು. ಉಳಿದವರು ಗೊಣಗುತ್ತ ಬಂದು ಇಟ್ಟು ಹೋಗುತ್ತಿದ್ದರು. ನಮ್ಮ ಕಾಕಾ ಮಾತ್ರ ಎಣ್ಣೆ ಸ್ನಾನ ಮಾಡಿ, ಇಸ್ತ್ರಿ ಧೋತರ ಉಟ್ಟು, ಕಾಕಿ ಕಟ್ಟಿದ ಬುತ್ತಿ ಹಿಡಿದು ಸೇಡಂ ಠಾಣೆಗೆ ಎಲ್ಲರಿಗಿಂತ ಮೊದಲು ಹೋಗಿ ನಿಲ್ಲುತ್ತಿದ್ದ. ಬಂದೂಕು ಒಪ್ಪಿಸಿದವನೇ ಸೀದಾ ಬಸ್‌ಸ್ಟ್ಯಾಂಡಿಗೆ, ಅಲ್ಲಿಂದ ತಾಂಡೂರಿಗೆ. ಮತ ಹಾಕುವ ದಿನ ಬಂದು ಹಾಕಿ ಮತ್ತೆ ಓಡುತ್ತಿದ್ದ. ಅತ್ತಿಯ ಮಗಳ ಲಗ್ನದ ಮುಹೂರ್ತವನ್ನೂ ಎಲೆಕ್ಷನ್ ನೋಡಿಯೇ ಇಟ್ಟರು.

ಸೇಡಂ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಚಾಚಾನ ಚಹಾದಂಗಡಿ. ಕಾಕಾ ಅಲ್ಲಿ ಕೂತು ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದ: "ಸರ್ಕಾರ ಬೀಳ್ತದೇನ್ರಿ?"

"ಯಾವ ಪಾರ್ಟಿ ಮೇಲ ಅಷ್ಟು ಸಿಟ್ಟು ಗೌಡ್ರ ನಿಮಗ?" ಅಂತ ಚಾಚಾ ಕಾಡುತ್ತಿದ್ದ.

"ಯಾವ ಪಾರ್ಟೀದು ಬಿದ್ರೂ ನಡೀತದ. ಬಿದ್ರ ಸಾಕು."

ಇವನು ದೊಡ್ಡ ರಾಜಕೀಯ ತಿಳಿದವನು ಅಂತ ಎಷ್ಟೋ ಮಂದಿ ನಂಬಿದ್ದರು. ಇಡೀ ದೇಶಕ್ಕೆ ಒಂದೇ ಸಲ ಎಲೆಕ್ಷನ್ ಮಾಡುತ್ತಾರಂತೆ ಅನ್ನುವ ಸುದ್ದಿ ಬಂದ ದಿನ ಅವನು ಚಹಾ ಅರ್ಧಕ್ಕೇ ಇಟ್ಟು ಎದ್ದ. "ಇವರವ್ವನ! ಐದು ವರ್ಷಕ್ಕೊಮ್ಮೆ ಅಕ್ಕನ ಮಾರಿ ನೋಡಬೇಕೇನು ನಾ?" ಅಂದ. ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಕೇಳಿದ ನನಗೆ ತಿಳಿಯಿತು.

ಒಮ್ಮೆ ಮಾತ್ರ ಬಂದೂಕು ಗಡಿ ದಾಟಿತು. ನನ್ನ ಮನೆಯಲ್ಲಿ ಹೋಳಿಗೆ ಉಂಡು, ಊರಿಗೆ ಮರಳಲಿಕ್ಕೆ ವಾಡಿಯಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿದವನು, ಕುರಕುಂಟಾ ಬರುವಷ್ಟರಲ್ಲಿ ನಿದ್ದೆ ಹೋಗಿಬಿಟ್ಟ. ಕಣ್ಣು ಬಿಟ್ಟರೆ ತಾಂಡೂರು! ಗಾಬರಿಯಾಗಿ ಅಕ್ಕನಿಗೆ ಫೋನ್ ಮಾಡಿದ. ಅತ್ತಿ ಇದ್ದಬಿದ್ದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಏದುಸಿರು ಬಿಡುತ್ತ ಸ್ಟೇಷನ್ನಿಗೆ ಬಂದಳು. ಇವನು ಪ್ಲಾಟ್‌ಫಾರ್ಮಿನ ಬೆಂಚು ಬಿಟ್ಟು ಏಳಲಿಲ್ಲ.

"ಮನಿ ಅಲ್ಲೇ ಕಾಣಾಕತ್ತದಲ್ಲೋ ತಮ್ಮಾ! ಒಂದು ಗಳಿಗಿ ಬಂದು ಹೋಗು."

"ಇಲ್ಲಕ್ಕಾ. ಪ್ಲಾಟ್‌ಫಾರ್ಮು ರೇಲ್ವೇದು, ಅಂದ್ರ ದಿಲ್ಲಿ ಸರ್ಕಾರದ್ದು. ಗೇಟ್ ದಾಟಿದ್ರ ತೆಲಂಗಾಣ. ನಾ ಇಲ್ಲಿಂದೇ ನೋಡ್ತೀನಿ. ನೋಡಾಕ ಕಾಯ್ದೆ ಇಲ್ಲ."

ತಿರುಗಿ ಹೋಗುವ ಗಾಡಿ ಬರುವ ತನಕ ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು, ನಡುವೆ ಬಂದೂಕು. ದಿನಾ ತಡವಾಗಿ ಬರುವ ಗಾಡಿ ಅವತ್ತು ಹೊತ್ತಿಗೆ ಸರಿಯಾಗಿ ಬಂತಂತೆ. ಅತ್ತಿ ಅದನ್ನು ಬಾಯಿಗೆ ಬಂದಂತೆ ಬೈದಳಂತೆ.

ಇದನ್ನು ಹೇಳಿ ಹೇಳಿ ನಾವೆಲ್ಲ ಎಷ್ಟೋ ನಕ್ಕಿದ್ದೇವೆ. ಆಮೇಲೆ ನಗು ಕಡಿಮೆಯಾಗುತ್ತ ಬಂತು. ಅತ್ತಿಯ ಗಂಡ ತೀರಿಕೊಂಡರು. ಎಲೆಕ್ಷನ್ ಇರಲಿಲ್ಲ. ಮಣ್ಣಿಗೆ ಹೊರಟ ನಮ್ಮ ಜೀಪಿನಲ್ಲಿ ಕಾಕಾನೂ ಕೂತು, ರಾಜ್ಯದ ಗಡಿ ಬಂದಾಗ ನಿಲ್ಲಿಸೆಂದು ಇಳಿದ. ರಸ್ತೆ ಪಕ್ಕದ ಹೊಲದಿಂದ ಒಂದು ಮುಷ್ಟಿ ಕರಿ ಮಣ್ಣು ತೆಗೆದು, ಹೆಗಲ ಮೇಲಿನ ವಸ್ತ್ರದಲ್ಲಿ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟ. "ಯವ್ವಾ, ನನ್ನ ಹೆಸರಲೆ ಮಾಮಾಗ ಇದನ್ನ ಹಾಕು. ಅಕ್ಕನ್ನ ಜರಾ ಹಿಡಕೊ." ನಾನು ಹಾಕಿದೆ. ಅತ್ತಿ ಆ ಖಾಲಿ ವಸ್ತ್ರ ಇಸಿದುಕೊಂಡು ಮುಖಕ್ಕೆ ಒತ್ತಿಕೊಂಡು ಅತ್ತಳು. ನನಗೆ ಅವತ್ತು ಕಾಕಾನ ಮೇಲೆ ಎಂಥಾ ಸಿಟ್ಟು ಬಂದಿತ್ತೆಂದರೆ, ಬರುವಾಗ ಅವನ ಜೊತೆ ಮಾತೇ ಆಡಲಿಲ್ಲ.

ಆಮೇಲೆ ಅತ್ತಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಾಲಿನ ಬೆರಳು ತೆಗೆದರು. ಪಂಚಮಿಗೆ ಬರುವುದೂ ನಿಂತಿತು. ಫೋನಿನಲ್ಲಿ ಅವಳದು ಒಂದೇ ಮಾತು: "ತಮ್ಮಾ, ಎಲೆಕ್ಷನ್ ಯಾವಾಗೋ?" ಎಮ್ಮೆಲ್ಲೆದು ಆಗಿತ್ತು, ಎಂಪೀದು ಆಗಿತ್ತು. ಜಿಲ್ಲಾ ಪಂಚಾಯ್ತಿದು ಇವತ್ತು ನಾಳೆ ಅಂತ ಮುಂದಕ್ಕೆ ಹೋಗುತ್ತಲೇ ಇತ್ತು. ಇವನು ಇಲ್ಲಿಂದ, "ಈಗ ಬರ್ತದಕ್ಕಾ, ಜರಾ ತಡಿ," ಅನ್ನುತ್ತಿದ್ದ.

ಕಡೆಗೆ ಒಂದು ದಿನ ಅತ್ತಿಯ ಮಗಳು ಫೋನ್ ಮಾಡಿದಳು: "ಮಾಮಾ, ಅವ್ವ ಊಟ ಬಿಟ್ಟಾಳ. ನಿನ್ನನ್ನೇ ಕೇಳಾಕತ್ತಾಳ." ಕಾಕಿ ನನಗೆ ಹೇಳಿ ಕಳಿಸಿದಳು. ನಾನು ಹೋದಾಗ ಕಾಕಾ ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಬಂದೂಕು ಹಿಡಿದು ನಿಂತಿದ್ದ. ತಾಂಡೂರಿನ ಬಸ್ಸು ಬರುತ್ತಿತ್ತು, ಹೋಗುತ್ತಿತ್ತು.

"ಕಾಕಾ, ಅಕ್ಕ ದೊಡ್ಡಾಕೋ, ಈ ಕಬ್ಬಿಣ ದೊಡ್ಡದೋ?" ಅಂದೆ. ಹತ್ತು ಮಂದಿ ಇದ್ದರೂ ನನ್ನ ದನಿ ಏರಿತ್ತು.

ಅವನು ಬಂದೂಕು ಹೆಗಲಿಗೇರಿಸಿದ. ಸೀದಾ ಠಾಣೆಗೆ ನಡೆದ. ನಾನು ಹಿಂದೆ ಓಡಿದೆ. ಈಗಿನ ಸಾಹೇಬ ಸಣ್ಣ ವಯಸ್ಸಿನ ಹುಡುಗ. ಕಾಕಾ ಬಂದೂಕನ್ನು ಅವನ ಟೇಬಲ್ ಮೇಲೆ ಇಟ್ಟು ಕೈ ಮುಗಿದ.

"ಇದನ್ನ ತಗೊಂಡುಬಿಡ್ರಿ ಸಾಹೇಬ್ರ. ವಾಪಸ್ ಬ್ಯಾಡ. ಎಲೆಕ್ಷನ್ ಇಲ್ಲ, ಗೊತ್ತದ. ಆದ್ರ ನಾ ನಮ್ಮಕ್ಕನ ಮನಿಗಿ ಹೋಗಬೇಕು."

ಸಾಹೇಬ ಕುರ್ಚಿ ಕೊಟ್ಟ. "ಕುಂದ್ರಿ ಯಜಮಾನ್ರ. ಇದಕ್ಯಾಕ ಇಷ್ಟು ಫಿಕರ್ ಮಾಡ್ತೀರಿ? ಊರಿಗಿ ಹೋಗೂ ಮುಂದ ಒಂದು ಅರ್ಜಿ ಕೊಟ್ಟು ಇಲ್ಲಿ ಇಟ್ಟು ಹೋಗ್ರಿ, ಬಂದ ಮ್ಯಾಲ ಒಯ್ರಿ. ಅದಕ್ಕ ಎಲೆಕ್ಷನ್ ಯಾಕ ಬೇಕು?"

ಕಾಕಾ ಅವನ ಮುಖವನ್ನೇ ನೋಡಿದ. "ಮೊದಲಿಂದಾನೂ ಹಂಗೇ ಅದ ಏನ್ರಿ?"

"ಹೂಂ ರಿ."

"ಪಂಚಮಿಗಿ ಇಟ್ಟು ಹೋಗಬಹುದಿತ್ತೇನ್ರಿ?"

"ಹೂಂ ರಿ."

"ನಮ್ಮ ಮಾಮಾ ಸತ್ತಾಗ?"

ಸಾಹೇಬ ನನ್ನ ಕಡೆ ನೋಡಿದ. ಚಹಾ ತರಿಸಿದ. ಹಳೆಯ ಸಾಹೇಬರು ಅವತ್ತೇ ಹೇಳಿದ್ದರಲ್ರಿ, ‘ಇಲ್ಲಾ ನಮ್ಮ ಠಾಣೇದಾಗ’ ಅಂತ! ಅವರು ಕರೆದಾಗ ಮಾತ್ರ ಇಡಬೇಕು ಅಂತ ನಮ್ಮ ಕಾಕಾ ತಿಳಿದುಕೊಂಡಿದ್ದ. ಅವನೊಬ್ಬನೇ ಅಲ್ಲ, ನಾವೆಲ್ಲ ಹಾಗೇ ತಿಳಿದಿದ್ದೆವು. ಕೇಳಬೇಕು ಅಂತ ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಚಹಾ ಹಾಗೇ ಆರಿ ಹೋಯಿತು.

ತಾಂಡೂರಿಗೆ ಹೋದಾಗ ಅತ್ತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕಾಕಾ ಹೊರಸಿನ ತುದಿಗೆ ಕೂತು ಅವಳ ಕಾಲ ಮೇಲೆ ಕೈ ಇಟ್ಟ. ಅವಳು ಕಷ್ಟಪಟ್ಟು ಹೊರಳಿದಳು. ಮೊದಲು ಅವನ ಮುಖವಲ್ಲ, ಹೆಗಲು ನೋಡಿದಳು. ಹೆಗಲು ಖಾಲಿ ಇತ್ತು.

"ಎಲೆಕ್ಷನ್ ಬಂತೇನೋ ತಮ್ಮಾ?"

ಕಾಕಾ ನನ್ನ ಕಡೆ ಒಮ್ಮೆ ನೋಡಿ, "ಬಂತಕ್ಕಾ," ಅಂದ.

"ಯಾರಿಗಿ ಹಾಕ್ತಿ ಓಟ?"

"ನಿನಗ."

"ಹುಚ್ಚಪ್ಯಾಲಿ," ಅಂದಳು ಅತ್ತಿ. ತುಟಿ ಜರಾ ನಕ್ಕವು. "ಎಷ್ಟು ದಿನ ನಡೀತದ ಈ ಎಲೆಕ್ಷನ್?"

"ನೀ ಹೇಳೂ ತನಕ ನಡೀತದಕ್ಕಾ."

ಅದು ಭಾಳ ದಿನ ನಡೆಯಲಿಲ್ಲ. ಇದ್ದಷ್ಟು ದಿನ ಅವನೇ ಅವಳಿಗೆ ಅಂಬಲಿ ಕುಡಿಸಿದ, ತಲೆ ಬಾಚಿದ. ಮಣ್ಣು ಕೊಡುವಾಗ ಎರಡೂ ಕೈ ತುಂಬ ತೆಗೆದುಕೊಂಡು, ಎಷ್ಟು ಹೊತ್ತಾದರೂ ಬಿಡಲಿಲ್ಲ. ನಾನೇ ಅವನ ಬೆರಳು ಬಿಡಿಸಬೇಕಾಯಿತು.

ಬಂದೂಕನ್ನು ಅವನು ವಾಪಸು ತರಲಿಲ್ಲ. ಠಾಣೆಯವರು ಕರೆದರೂ ಹೋಗಲಿಲ್ಲ. ಮೊನ್ನೆ ಮೊನ್ನೆ ಯಾವುದೋ ಎಲೆಕ್ಷನ್ ಬಂತು. ಅವತ್ತು ಠಾಣೆಯಿಂದ ನನಗೆ ಫೋನ್: "ನಿಮ್ಮ ಕಾಕಾ ಬಂದು ಸಾಲಿನ್ಯಾಗ ನಿಂತಾರ. ಅವರ ಬಂದೂಕ ನಮ್ಮಲ್ಲೇ ಅದ ಅಂದ್ರೂ ಹೋಗವಲ್ಲರು. ಜರಾ ಬರ್ರಿ."

ಹೋದೆ. ಕಾಕಾ ಎಣ್ಣೆ ಸ್ನಾನ ಮಾಡಿದ್ದ, ಇಸ್ತ್ರಿ ಧೋತರ ಉಟ್ಟಿದ್ದ, ಕೈಯಲ್ಲಿ ಬುತ್ತಿ ಇತ್ತು. ಬೇಡ ಅನ್ನಲಿಕ್ಕೆ ಮನಸ್ಸಾಗದೆ ಕಾಕಿ ಕಟ್ಟಿಕೊಟ್ಟಿದ್ದಳು. ನನ್ನನ್ನು ನೋಡಿ ತಪ್ಪು ಮಾಡಿದವನ ಹಾಗೆ ನಕ್ಕ. ಸಾಲಿನಲ್ಲಿ ಅವನ ಹಿಂದೆ ಮುಂದೆ ಬಂದೂಕಿನವರು, ನಡುವೆ ಇವನೊಬ್ಬನೇ ಖಾಲಿ ಹೆಗಲಿನವನು.

"ನಡಿ ಕಾಕಾ, ಶಹಾಬಾದಕ್ಕ ನನ್ನ ಮನಿಗಿ ಹೋಗೋಣು," ಅಂದೆ.

"ನಿನ್ನ ಮನಿ ಕರ್ನಾಟಕದಾಗೇ ಅದಲ್ಲವ್ವ, ಯಾವಾಗರ ಬರ್ತೀನಿ," ಅಂದ. "ಎಲೆಕ್ಷನ್‌ದಾಗ ನಾ ಅಕ್ಕನ ಮನಿಗಿ ಹೋಗಾಂವ."

ಆ ಮನೆಗೆ ಕೀಲಿ ಬಿದ್ದಿದೆ ಅಂತ ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಬಸ್‌ಸ್ಟ್ಯಾಂಡಿಗೆ ನಡೆದೆವು. ತಾಂಡೂರಿನ ಬಸ್ಸು ನಿಂತಿತ್ತು. ಇಬ್ಬರೂ ಹತ್ತಿ ಕೂತೆವು.