ವಾರಗಿತ್ತಿಯ ಕೆನ್ನೆ

ನನ್ನ ವಾರಗಿತ್ತಿಯ ಮುಖ ತಿಳಿಯಾಗುತ್ತಿದೆ ಎಂಬ ಸುದ್ದಿಯನ್ನು ಮೊದಲು ತಂದವರು ನನ್ನ ಗಂಡ. ನಾನು ಅರ್ಧ ಕೂದಲು ಕತ್ತರಿಸಿಕೊಂಡು ಬಂದರೂ ಎಂಟು ದಿನ ಗೊತ್ತಾಗದ ಮನುಷ್ಯ, ತಮ್ಮನ ಹೆಂಡತಿಯ ಕೆನ್ನೆಯ ಕಲೆ ಮಾಸಿದ್ದನ್ನು ಮಹಡಿ ಮೆಟ್ಟಿಲಲ್ಲಿ, ಅದೂ ಕನ್ನಡಕವಿಲ್ಲದೆ ಕಂಡುಹಿಡಿದರು. (ಅವರದು ಗಡಿಯಾರ ರಿಪೇರಿ. ಸೂಕ್ಷ್ಮದೃಷ್ಟಿಯೆಲ್ಲ ಅಂಗಡಿಯಲ್ಲೇ ಖರ್ಚಾಗುತ್ತದೆ ಎಂದು ಅಷ್ಟು ವರ್ಷ ನಂಬಿದ್ದೆ.) ನನಗೆ ಹೊಟ್ಟೆ ಉರಿಯಿತು. ಮುಚ್ಚಿಟ್ಟೇನು ಪ್ರಯೋಜನ?

ಬಂಗು ಎಂಬುದು ನಮ್ಮಿಬ್ಬರ ಜಂಟಿ ಆಸ್ತಿಯಾಗಿತ್ತು. ಬಸುರಿಯಾಗಿದ್ದಾಗ ನನ್ನ ಎಡಗೆನ್ನೆಗೆ ಬಂದದ್ದು ಹೆರಿಗೆಯಾದರೂ ಹೋಗಲಿಲ್ಲ. ಅವಳಿಗೂ ಹಾಗೆಯೇ, ಆದರೆ ಎರಡೂ ಕೆನ್ನೆಗೆ. ಕೆಳಮನೆ ನನ್ನದು, ಮಹಡಿ ಅವಳದು. ಅವಳನ್ನು ಕಂಡಾಗಲೆಲ್ಲ, ಸದ್ಯ, ನನ್ನದು ಒಂದೇ ಕೆನ್ನೆ ಎಂದುಕೊಂಡು ಆರು ವರ್ಷ ಸುಖವಾಗಿದ್ದೆ. ಈಗ ನೋಡಿದರೆ ಅತ್ತೆಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಇಡೀ ಸಂಸಾರದ ಫೋಟೋ ತೆಗೆಸುವುದೆಂದು ತೀರ್ಮಾನವಾಗಿತ್ತು. ಅತ್ತೆ ನಡುವೆ, ಸೊಸೆಯರು ಆಚೀಚೆ. ನಡುಮನೆಯ ಗೋಡೆಯ ಮೇಲೆ ನಾನು ಸಾಯುವತನಕ ಅದು ಇರುತ್ತದೆ. ಬಂದವರೆಲ್ಲ ಹೋಲಿಸದೆ ಬಿಡುತ್ತಾರೆಯೇ?

ಹಾಗಂತ ನಾನು ಕೈಕಟ್ಟಿ ಕೂತವಳಲ್ಲ. ಈ ಸುದ್ದಿಗೆ ಮೂರು ತಿಂಗಳು ಮೊದಲೇ ಚರ್ಮದ ಡಾಕ್ಟರಮ್ಮನ ದರ್ಶನ ಮಾಡಿದ್ದೆ. ಒಳಗಿನ ಹಾರ್ಮೋನು, ಹೊರಗಿನ ಬಿಸಿಲು ಎರಡೂ ಸೇರಿ ಮಾಡುವ ಕಿತಾಪತಿ ಇದು, ಹಗಲು ಸನ್‌ಸ್ಕ್ರೀನ್ ಎರಡು ಬೆರಳುದ್ದ, ಮಲಗುವಾಗ ಮುಲಾಮು, ಜೊತೆಗೆ ತಿಂಗಳುಗಟ್ಟಲೆ ತಾಳ್ಮೆ ಎಂದರು. ನಾನು ಬಟ್ಟೆ ಹೊಲಿಯುವವಳು, ಮನೆಯೊಳಗೆ ಕೂತವಳಿಗೆ ಎಲ್ಲಿಯ ಬಿಸಿಲು ಎಂದೆ.

“ಮಿಶನ್ ಎಲ್ಲಿದೆ?”

“ಕಿಟಕಿ ಪಕ್ಕ. ದಾರ ಪೋಣಿಸೋಕೆ ಬೆಳಕು ಬೇಡ್ವಾ?”

“ಎಡಗಡೆಗೆ ಕಿಟಕಿ, ಅಲ್ವಾ? ಗಾಜು ಮುಚ್ಚಿದ್ರೂ ಬಿಸಿಲು ಒಳಗೆ ಬರುತ್ತೆ. ಮೊದಲು ಮಿಶನ್ ಸರಿಸಿ.”

ಹದಿನಾಲ್ಕು ವರ್ಷ ನೆಲೆ ನಿಂತ ಮಿಶನ್ನನ್ನು ಒಂದು ಕೆನ್ನೆಗೋಸ್ಕರ ಒಕ್ಕಲೆಬ್ಬಿಸುವುದೇ? ಸರಿಸಲಿಲ್ಲ. ಎಂಟು ದಿನ ಹಚ್ಚಿದೆ, ಕೂದಲೆಳೆಯಷ್ಟೂ ಬದಲಾಗಲಿಲ್ಲ, ಬಿಟ್ಟೆ. ಔಷಧಿ ಚೀಟಿ ಎಲ್ಲಿ ಕಳೆದುಹೋಯಿತೋ ಗಮನಿಸಲೂ ಇಲ್ಲ.

ಗಂಡ ಸುದ್ದಿ ತಂದ ಮರುದಿನದಿಂದ ಪತ್ತೇದಾರಿ ಶುರುಮಾಡಿದೆ. ಒಂದೇ ತೊಡಕು: ಹೊಲಿಯಲು ಕೂತರೆ ಮಹಡಿ ಮೆಟ್ಟಿಲು ಬೆನ್ನ ಹಿಂದಾಗುತ್ತಿತ್ತು. ಮಿಶನ್ನನ್ನು ಪೂರ್ತಿ ತಿರುಗಿಸಿದೆ. ಈಗ ಮೆಟ್ಟಿಲು ಕಣ್ಣೆದುರು, ಕಿಟಕಿ ಬಲಕ್ಕೆ.

“ಯಾಕೆ ತಿರುಗಿಸಿದೆ?” ಎಂದರು ಗಂಡ.

“ಗಾಳಿಗೆ.”

“ಕಿಟಕಿ ಮುಚ್ಚಿದೆಯಲ್ಲೇ.”

“ನಿಮ್ಮ ಗಡಿಯಾರ ನೀವು ನೋಡ್ಕೊಳ್ಳಿ.”

ಅವಳು ಗ್ರಂಥಾಲಯದ ಕೆಲಸಕ್ಕೆ ಒಂಬತ್ತಕ್ಕೆ ಹೊರಡುವಳು. ಮೋಡವಿದ್ದರೂ ಛತ್ರಿ, ಛತ್ರಿಯಡಿಯಲ್ಲಿ ಅಗಲ ಅಂಚಿನ ಟೋಪಿ, ಮಹಾರಾಣಿಯ ಸವಾರಿಯೇ ಸರಿ. ಒಂದು ಸಂಜೆ ತಡೆಯಲಾರದೆ ಏನು ಹಚ್ಚುತ್ತೀಯೆ ಎಂದು ಕೇಳಿಯೇಬಿಟ್ಟೆ. “ನಿಮಗೆ ಗೊತ್ತಿಲ್ವಾ ಅಕ್ಕ?” ಎಂದು ನಕ್ಕು ಮೇಲೆ ಹೋದಳು. ಆ ನಗುವಿಗೆ ನನ್ನ ಮೈಯೆಲ್ಲ ಉರಿದು, ಆ ದಿನ ಯಾರದೋ ಕೋಟಿನ ತೋಳನ್ನು ಜೇಬಿಗೆ ಸೇರಿಸಿ ಹೊಲಿದೆ. ಹೀಗೆ ಮೂರು ತಿಂಗಳು ಕಾವಲು ಕಾದೆ. ಅವಳ ಮುಖ ದಿನೇದಿನೇ ತಿಳಿಯಾಯಿತು. ನನ್ನ ಮುಖ ನೋಡಿಕೊಳ್ಳಲು ನನಗೆ ಪುರಸೊತ್ತಿರಲಿಲ್ಲ.

ಫೋಟೋದ ದಿನ ಬೆಳಿಗ್ಗೆ ಅವಳು ಆರು ತಿಂಗಳ ಹಿಂದೆ ನಾನೇ ಹೊಲಿದ ಗೌನು ತೊಟ್ಟು ಕೆಳಗಿಳಿದು ಬಂದು, ಮಡಿಸಿದ ಚೀಟಿಯೊಂದನ್ನು ನನ್ನ ಕೈಗಿಟ್ಟಳು. ಒಂದು ಬದಿಗೆ ನನ್ನದೇ ಅಕ್ಷರದಲ್ಲಿ ಅವಳ ಅಳತೆ: ಉದ್ದ, ಸೊಂಟ, ತೋಳು. ತಿರುಗಿಸಿದರೆ ಡಾಕ್ಟರಮ್ಮ ನನಗೆ ಬರೆದ ಔಷಧಿ. ಅಳತೆ ಬರೆಯಲು ಕೈಗೆ ಸಿಕ್ಕ ಕಾಗದ ತೆಗೆದುಕೊಂಡು ಬಟ್ಟೆಗೆ ಪಿನ್ನು ಹಾಕುವುದು ನನ್ನ ಹುಟ್ಟುಗುಣ.

“ಗೌನಿನ ಜೊತೆ ಇಟ್ಟಿದ್ರಲ್ಲ ಅಕ್ಕ. ಬಾಯಿಬಿಟ್ಟು ಹೇಳಿದ್ರೆ ನಂಗೆ ನೋವಾಗುತ್ತೆ ಅಂತ ಹೀಗೆ ಕೊಟ್ಟಿದ್ದೀರಿ ಅಂದ್ಕೊಂಡೆ. ಅದೇ ಡಾಕ್ಟರಮ್ಮನ ಹತ್ರ ಹೋದೆ, ನನ್ನ ಮುಖ ನೋಡಿ ನಂಗೇ ಬೇರೆ ಬರ್ಕೊಟ್ರು.” ಅವಳ ಕಣ್ಣು ತುಂಬಿತ್ತು. “ನಿಮ್ಮನ್ನೂ ಕೇಳಿದ್ರು.”

“ಏನಂತ?”

“ಮಿಶನ್ ಸರಿಸಿದ್ರಾ ಅಂತ.”

ಗಂಡ ಗಡಿಯಾರದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನನ್ನ ಬಲಗೆನ್ನೆಯ ಹತ್ತಿರ ಬಗ್ಗಿದರು. “ಸರಿಸಿಲ್ಲಮ್ಮ, ತಿರುಗಿಸಿದ್ದಾಳೆ. ಈಗ ಬಂಗು ಎರಡೂ ಕಡೆ ಸಮ ಆಗಿದೆ,” ಎಂದರು.

ಮಿಶನ್ ಈಗ ಒಳಕೋಣೆಯ ಗೋಡೆಗೆ ಮುಖಮಾಡಿದೆ, ನಾನೂ ಹಾಗೆಯೇ. ಕೆಲಸಕ್ಕೆ ಹೊರಡುವಾಗಲೂ ಬಂದಮೇಲೂ ಸನ್‌ಸ್ಕ್ರೀನ್ ಹಚ್ಚಿದಿರಾ ಎಂದು ವಾರಗಿತ್ತಿ ವಿಚಾರಿಸುತ್ತಾಳೆ, ರಜೆಯ ದಿನವಾದರೆ ಮೂರು ಗಂಟೆಗೊಮ್ಮೆ ಮಹಡಿ ಇಳಿದು ಬರುತ್ತಾಳೆ. ಫೋಟೋ ನಡುಮನೆಗೆ ಬಂದಿದೆ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ನಾನೊಬ್ಬಳು ಮಾತ್ರ ಅತ್ತೆಯ ತಲೆಯ ಮೇಲಿಂದ ಕತ್ತು ಚಾಚಿ ವಾರಗಿತ್ತಿಯ ಕೆನ್ನೆ ನೋಡುತ್ತಿದ್ದೇನೆ. ಬಂದವರೆಲ್ಲ ಅದರ ಮುಂದೆ ನಿಂತು, ತಂಗಿಯ ಮೇಲೆ ನಿಮಗೆ ಎಷ್ಟು ಪ್ರೀತಿ ಎನ್ನುತ್ತಾರೆ.