ಹದಿನೈದು ನಿಮಿಷದ ಸೋದರತ್ತೆ

ನಮ್ಮ ಸೋದರತ್ತೆಗೆ ಯಾವ ವಾಸನೆಯೂ ಆಗುವುದಿಲ್ಲ ಎಂದು ಊರವರು ಹೇಳುತ್ತಾರೆ. ಇದು ಶುದ್ಧ ಸುಳ್ಳು. ಅವರಿಗೆ ಎಲ್ಲ ವಾಸನೆಯೂ ಆಗುತ್ತದೆ, ಹದಿನೈದು ನಿಮಿಷ ಮಾತ್ರ. ಹದಿನಾರನೆಯ ನಿಮಿಷಕ್ಕೆ ಮಲ್ಲಿಗೆಯಾದರೂ ಸರಿ, ಮಲ್ಲಿಗೆ ಮುಡಿದವರಾದರೂ ಸರಿ, ಮನೆಯಿಂದಾಚೆ!

ಇವರು ನನ್ನ ಅಪ್ಪನ ಅಕ್ಕ. ಕ್ಯಾತನಹಳ್ಳಿಯಲ್ಲಿ ಹುಟ್ಟಿ, ಆ ಕಾಲಕ್ಕೇ ಬಿ.ಎಸ್ಸಿ. ಮಾಡಿ, ಒಂದು ರಾಸಾಯನಿಕ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತಿಯಾದ ಮೇಲೆ ನಮ್ಮ ಮನೆಗೇ ಬಂದು ನೆಲೆಸಿದವರು. ಮದುವೆಯಾಗಲಿಲ್ಲ. ಯಾಕತ್ತೆ ಎಂದರೆ, "ನೋಡಾಕೆ ಬಂದೋನು ಮೈತುಂಬಾ ಸೆಂಟು ಹಾಕ್ಕಂಡು ಬಂದಿದ್ದ ಕಣಮ್ಮಿ" ಎನ್ನುತ್ತಾರೆ. ಆತ ಎಷ್ಟು ಹೊತ್ತು ಕೂತಿದ್ದ ಎಂದು ನಾನು ಕೇಳಿಲ್ಲ. ಕೇಳಬೇಕೇ?

ಕಾರ್ಖಾನೆಯಲ್ಲಿ ಅವರ ಕೆಲಸ ಗಾಳಿಯಲ್ಲಿ ಯಾವ ವಿಷ ಎಷ್ಟಿದೆ ಎಂದು ಅಳೆಯುವುದು. ಜೊತೆಗೆ, ಎಷ್ಟಿದ್ದರೆ ಮನುಷ್ಯ ತಡೆದುಕೊಂಡಾನು ಎಂದು ಗೆರೆ ಎಳೆಯುವ ಸುರಕ್ಷತಾ ಸಮಿತಿಯಲ್ಲಿ ಕೂರುವುದು. ಅಲ್ಲಿ ಎರಡು ಬಗೆಯ ಗೆರೆಗಳಂತೆ. ಒಂದು ಎಂಟು ಗಂಟೆಯ ಇಡೀ ಪಾಳಿಗೆ, ಇನ್ನೊಂದು ಬರೀ ಹದಿನೈದು ನಿಮಿಷಕ್ಕೆ. "ಎರಡು ಯಾಕತ್ತೆ, ಒಂದು ಸಾಲದೆ?" ಎಂದು ಒಮ್ಮೆ ಬಾಯಿ ತಪ್ಪಿ ಕೇಳಿಬಿಟ್ಟೆ. ಅತ್ತೆ ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. ಅಲ್ಲಿ ಅಮ್ಮ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯುತ್ತ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಮ್ಮುತ್ತಿದ್ದರು.

"ಈ ಘಾಟನ್ನ ಬೆಳಿಗ್ಗೆಯಿಂದ ಸಾಯಂಕಾಲದ ಗಂಟ ಚೂರುಚೂರು ಹಂಚ್ಬುಟ್ರೆ ಯಾರಾದ್ರೂ ಕೆಮ್ತಾರಾ?" ಎಂದರು ಅತ್ತೆ.

"ಇಲ್ಲ" ಎಂದೆ, ಕೆಮ್ಮುತ್ತ.

"ಅದೇ ಎಂಟು ಗಂಟೆ ಲೆಕ್ಕ. ಕಾಗದದ ಮೇಲೆ ಯಾರೂ ಕೆಮ್ಮಲ್ಲ. ಇಲ್ಲಿ ನಿಮ್ಮಮ್ಮ ಕೆಮ್ತಾವ್ಳೆ. ಸರಾಸರಿಗೆ ಮೂಗು ಇರಾಕಿಲ್ಲ ಕಣಮ್ಮಿ. ಅದುಕ್ಕೇ ಎರಡನೇ ಗೆರೆ."

ಪಾಠ ಚೆನ್ನಾಗಿಯೇ ಇತ್ತು. ಆದರೆ ಅದು ಮುಗಿಯುವ ಹೊತ್ತಿಗೆ ಹದಿನೈದು ನಿಮಿಷವೂ ಮುಗಿದಿತ್ತು. ಅತ್ತೆ ಕೈ ಚಾಚಿ ಸ್ಟವ್ ಆರಿಸಿಬಿಟ್ಟರು.

"ಅತ್ಗೆ, ಇದು ನನ್ನ ಅಡುಗೆಮನೆ, ನಿಮ್ಮ ಫ್ಯಾಕ್ಟ್ರಿ ಅಲ್ಲ" ಎಂದರು ಅಮ್ಮ.

"ಗೊತ್ತು ಕಣವ್ವ. ಫ್ಯಾಕ್ಟ್ರೀಲಿ ಕಿಟಕಿ ಇದ್ವು."

ಆ ತಿಂಗಳು ನಮ್ಮ ಮನೆಯ ಸಾರಿಗೆ ಘಮವೂ ಇರಲಿಲ್ಲ, ಅತ್ತಿಗೆ–ನಾದಿನಿಯರ ನಡುವೆ ಮಾತೂ ಇರಲಿಲ್ಲ. ಮುಂದಿನ ತಿಂಗಳು ಅಪ್ಪ ಗಾರೆಯವನನ್ನು ಕರೆಸಿ ಅಡುಗೆಮನೆಗೆ ಕಿಟಕಿ ಇಡಿಸಿದರು. ಅದು ಅತ್ತೆಯ ಗೆಲುವೋ ಅಮ್ಮನ ಗೆಲುವೋ ಇವತ್ತಿಗೂ ತೀರ್ಮಾನವಾಗಿಲ್ಲ.

ಸತ್ಯನಾರಾಯಣ ಪೂಜೆಯ ದಿನವೂ ಹೀಗೇ ಆಯಿತು. ಧೂಪದ ಹೊಗೆಯೊಳಗೆ ಪುರೋಹಿತರು ಕಥೆಯ ಮೂರನೆಯ ಅಧ್ಯಾಯ ಹಿಡಿದಿದ್ದರು. ಅತ್ತೆ ಗಡಿಯಾರ ನೋಡಿ, "ಸ್ವಾಮಿ, ಒಸಿ ಆಚೆ ಗಾಳಿಗೆ ಬಂದ್ಬುಡಿ" ಎಂದರು.

"ದೇವರ ಕಾರ್ಯಕ್ಕೂ ಮಿತಿಯೇನಮ್ಮ?"

"ದೇವ್ರಿಗಲ್ಲ ಸ್ವಾಮಿ, ನಿಮಗೆ. ದೇವ್ರು ಕೆಮ್ಮಲ್ಲ."

ಪುರೋಹಿತರಿಗೆ ಕೋಪ ಬಂದೀತೆಂದು ನಾವು ನಡುಗಿದೆವು. ಅವರು ಎದ್ದು ಜಗುಲಿಗೆ ಬಂದು, ಆಳವಾಗಿ ಎರಡು ಸಲ ಉಸಿರೆಳೆದು, "ಇಷ್ಟು ವರ್ಷದಲ್ಲಿ ನನ್ನ ಉಸಿರಿನ ಯೋಚನೆ ಮಾಡಿದವರು ನೀವೊಬ್ಬರೇ" ಎಂದರು. ಈಗ ನಮ್ಮ ಮನೆಯ ಪೂಜೆಯೆಂದರೆ ಅವರು ಬೇರೆ ಕಡೆ ಒಪ್ಪಿಕೊಂಡದ್ದನ್ನೂ ಮುಂದೂಡಿ ಬರುತ್ತಾರೆ.

ಮನೆಯವರು ಪಳಗಿದ ಮೇಲೆ ಅತ್ತೆಯ ಕಣ್ಣು ಗದ್ದೆಗಳ ಮೇಲೆ ಬಿತ್ತು. ಯಾರಾದರೂ ಬೆನ್ನಿಗೆ ಔಷಧಿಯ ಡಬ್ಬ ಕಟ್ಟಿಕೊಂಡು ಹೊರಟರೆ ಸಾಕು, ಇವರು ಕೊಡೆ ಬಿಚ್ಚಿಕೊಂಡು ಹಿಂದೆ ಹೊರಡುವರು. ಬದುವಿನ ಮೇಲೆ, ಗಾಳಿ ಬೀಸಿ ಬರುವ ದಿಕ್ಕಿಗೆ ನಿಂತುಕೊಂಡು, ಹೊತ್ತಾಯಿತೆಂದರೆ ಒಂದು ವಿಷಲ್ಲು ಊದುವರು. ಆ ವಿಷಲ್ಲು ಎಲ್ಲಿಯದು ಅಂತೀರಾ? ನಾನು ಪಾಂಡವಪುರದಲ್ಲಿ ಪಾಠ ಮಾಡುವ ಹೈಸ್ಕೂಲಿನ ಪಿ.ಟಿ. ಮೇಷ್ಟ್ರದು. ಎರಡು ದಿನಕ್ಕೆಂದು ಕೇಳಿ ತಂದುಕೊಟ್ಟಿದ್ದೆ. ಆ ಮೇಷ್ಟ್ರು ಈಗ ಚಪ್ಪಾಳೆ ತಟ್ಟಿಕೊಂಡು ಆಟ ಆಡಿಸುತ್ತಾರೆ.

"ಯಾಕ್ಲಾ, ಮೊಕಕ್ಕೆ ಬಟ್ಟೆ ಕಟ್ಟಿಲ್ಲ?" ಎಂದು ಬದುವಿನಿಂದಲೇ ಕೂಗುವರು.

"ಸೆಕೆ ಕಣವ್ವ."

"ಈಚಿಗೆ ಬಾ ಮೊದ್ಲು. ಕೈಕಾಲು ತೊಳ್ಕಂಡು ನೀರು ಕುಡಿ."

"ಹದಿನೈದು ನಿಮ್ಷ ಆಗಿಲ್ಲ ಬುಡವ್ವ, ಇನ್ನೂ ಐದು ನಿಮ್ಷ ಐತೆ."

"ಹದಿನೈದು ನಿಮ್ಷ ನಿಂತ್ಕ ಅಂತ ಅಲ್ಲ ಕಣ್ಲಾ ಗೆರೆ ಎಳೆಯೋದು. ಅಷ್ಟ್ರೊಳಗೆ ಬಂದ್ಬುಡು ಅಂತ."

ವಿಷದ ಕಡೆಯಿಂದ ಬಂತೋ ವಿಷಲ್ಲಿನ ಕಡೆಯಿಂದ ಬಂತೋ ಗೊತ್ತಿಲ್ಲ, ಊರವರು ಅವರಿಗೆ 'ವಿಷಲ್ಲಮ್ಮ' ಎಂದು ಹೆಸರಿಟ್ಟರು. ಒಮ್ಮೆ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಬಂದು, "ವಿಷಲ್ಲಮ್ಮಾರೆ, ನನ್ ಗಂಡ ಮಾತು ಸುರು ಮಾಡಿದ್ರೆ ನಿಲ್ಸಾಕಿಲ್ಲ. ಅದಕ್ಕೂ ಒಂದು ಲಿಮಿಟ್ಟು ಹಾಕ್ಕೊಡಿ" ಎಂದಳು. ಅತ್ತೆ ನಗದೆ, "ದಿನಕ್ಕೆ ನಾಕು ಸಲಕ್ಕಿಂತ ಜಾಸ್ತಿ ಬ್ಯಾಡ, ಮಧ್ಯ ಒಂದೊಂದು ಗಂಟೆ ಬುಡ್ಲಿ" ಎಂದರು. ತಮಾಷೆಯೆಂದುಕೊಂಡೆ. ಅಲ್ಲವಂತೆ, ಹದಿನೈದು ನಿಮಿಷದ ಗೆರೆಗೆ ಕಾರ್ಖಾನೆಯಲ್ಲಿ ಇರುವ ನಿಯಮವೇ ಅದು.

ಹೀಗೆ ನಾವು ನಗುತ್ತ ಇದ್ದಾಗಲೇ ಕಳೆದ ವರ್ಷ ಆ ಕಾರ್ಖಾನೆಯಿಂದ ಅತ್ತೆಗೆ ಕಾಗದ ಬಂತು. ಒಂದು ಅನಿಲಕ್ಕೆ ಇಷ್ಟು ವರ್ಷ ಎಂಟು ಗಂಟೆಯ ಗೆರೆ ಮಾತ್ರ ಇತ್ತಂತೆ. (ಅನಿಲದ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ.) ಈಗ ಅದಕ್ಕೆ ಹದಿನೈದು ನಿಮಿಷದ ಗೆರೆಯನ್ನೂ ಎಳೆಯಬೇಕೆಂದು ಸಮಿತಿ ಯೋಚಿಸುತ್ತಿದೆ, ಹಳಬರು ಬಂದು ಅನುಭವ ಹೇಳಬೇಕು, ಎಂದಿತ್ತು ಕಾಗದದಲ್ಲಿ. ಅತ್ತೆ ಕುಣಿದಾರೆಂದು ನಾನು ಎಣಿಸಿದ್ದೆ. ಅವರು ಅದನ್ನು ಮೂರು ಸಲ ಓದಿ, ಮಡಚಿ, ಮಧ್ಯಾಹ್ನದ ಊಟ ಬಿಟ್ಟರು. ಮರುದಿನ ಭಾನುವಾರ. ಬೆಳಿಗ್ಗೆ ಎದ್ದವರೇ, "ನನ್ನ ಬೂಕನಕೆರೆಗೆ ಕರ್ಕಂಡು ಹೋಗಮ್ಮಿ" ಎಂದರು.

ತಿಂಗಳಿಗೊಮ್ಮೆ ಅವರು ಒಬ್ಬರೇ ಬಸ್ಸು ಹತ್ತಿ ಬೂಕನಕೆರೆಗೆ ಹೋಗಿ ಬರುವುದು ನಮಗೆಲ್ಲ ಗೊತ್ತಿತ್ತು. ಸಂತೆಗೆ ಎಂದು ಹೇಳುತ್ತಿದ್ದರು. ಆದರೆ ಹಿಂದಿರುಗುವಾಗ ಚೀಲದಲ್ಲಿ ಏನೂ ಇರುತ್ತಿರಲಿಲ್ಲ. ಅದನ್ನು ನಾವ್ಯಾರೂ ಗಮನಿಸಿರಲಿಲ್ಲ, ನೋಡಿ.

ಸ್ಕೂಟರು ನಿಲ್ಲಿಸಿದ್ದು ಒಂದು ಸಣ್ಣ ಅಂಗಡಿಯ ಮುಂದೆ. ಬಾಗಿಲಲ್ಲಿ ಸುಮಾರು ಐವತ್ತೈದರ ಮನುಷ್ಯರೊಬ್ಬರು ತರಕಾರಿ ಬೀಜದ ಪೊಟ್ಟಣಗಳನ್ನು ಜೋಡಿಸುತ್ತ ಕೂತಿದ್ದರು. ಅತ್ತೆಯನ್ನು ಕಂಡು ಏಳಲು ಹೋದರು. ಎದ್ದು ನಿಲ್ಲುವಷ್ಟರಲ್ಲಿ ಉಸಿರು ಕಟ್ಟಿ ಗೋಡೆ ಹಿಡಿದುಕೊಂಡರು.

"ಕೂತ್ಕಳಪ್ಪ" ಎಂದರು ಅತ್ತೆ. ತಾವು ಮಾತ್ರ ಹೊಸ್ತಿಲಾಚೆಯೇ ನಿಂತರು.

ಅಂಗಡಿಯವರ ಹೆಂಡತಿ ನನ್ನನ್ನು ಒಳಗೆ ಕೂರಿಸಿ, ನಡೆದದ್ದನ್ನೆಲ್ಲ ಹೇಳಿದರು. ಆತ ಅದೇ ಕಾರ್ಖಾನೆಯಲ್ಲಿ ಕೊಳವೆಗಳ ರಿಪೇರಿ ಮಾಡುತ್ತಿದ್ದವರು. ಒಂದು ದಿನ ಆ ಅನಿಲದ ಕೊಳವೆ ಸೋರಿತು. ಬಿಗಿ ಮಾಡಲು ಹತ್ತು ನಿಮಿಷ ಹಿಡಿಯಿತು, ಅಲ್ಲಿಂದ ಆತನನ್ನು ಆಸ್ಪತ್ರೆಗೇ ಸೇರಿಸಬೇಕಾಯಿತು. ಆ ಹತ್ತು ನಿಮಿಷದ ವಿಷವನ್ನು ಇಡೀ ಪಾಳಿಗೆ ಹಂಚಿ ನೋಡಿದಾಗ ಗೆರೆಯೊಳಗೇ ಇತ್ತು. ಹಾಗಾಗಿ ತಪ್ಪು ಯಾರದೂ ಅಲ್ಲ ಎಂದಾಯಿತು. 'ಮಿತಿಯೊಳಗಿದೆ' ಎಂದು ಬರೆದ ಹಾಳೆಗೆ ಸಮಿತಿಯವರೆಲ್ಲ ಸಹಿ ಹಾಕಿದರು. ಒಂದು ಸಹಿ ನಮ್ಮತ್ತೆಯದು.

"ಅವರ ಮೇಲೆ ನಮಗೇನೂ ಕೋಪ ಇಲ್ಲ ಕಣವ್ವ" ಎಂದರು ಆಕೆ. "ಎಷ್ಟು ಕರೆದ್ರೂ ಒಳಿಕೆ ಬರಾಕಿಲ್ಲ. ಒಂದು ಲೋಟ ನೀರೂ ಕುಡಿಯಾಕಿಲ್ಲ. ಬಾಗ್ಲಲ್ಲೇ ನಿಂತು, ಉಸಿರು ಎಂಗೈತೆ ಅಂತ ಕೇಳ್ಕಂಡು ಒಂಟೋಯ್ತಾರೆ."

ನಾನು ಹೊರಗೆ ಬಂದಾಗ ಅತ್ತೆ ಆತನಿಗೆ ಕಾಗದದ ವಿಷಯ ಹೇಳುತ್ತಿದ್ದರು. "ನೀನೂ ಬಾಪ್ಪ. ನಾನೊಬ್ಳೇ ಹೇಳಿದ್ರೆ ಬರೀ ನಂಬರ್ ಆಯ್ತದೆ."

ಆತ ಕೈಯಲ್ಲಿದ್ದ ಬೀಜದ ಪೊಟ್ಟಣವನ್ನು ಕೆಳಗಿಟ್ಟು, "ಮೆಟ್ಲು ಇಲ್ದೆ ಇದ್ರೆ ಬತ್ತೀನಿ ಮೇಡಂ" ಎಂದರು.

ಮೆಟ್ಟಿಲಿದ್ದವು. ಸಭೆಯ ದಿನ ಕಾರಿನಿಂದಿಳಿದು ಮೂರು ಕಡೆ ನಿಂತು, ನಿಧಾನವಾಗಿ ಹತ್ತಿದೆವು. ಸಭೆಯಲ್ಲಿ ಹೊಸ ಹುಡುಗರು, ಹೊಸ ಕಂಪ್ಯೂಟರುಗಳು. ಯುವ ಅಧಿಕಾರಿಯೊಬ್ಬರು ಬಹಳ ವಿನಯದಿಂದಲೇ, "ಅಂಕಿಅಂಶ ಏನಾದರೂ ತಂದಿದ್ದೀರಾ ಮೇಡಂ?" ಎಂದು ಕೇಳಿದರು.

"ಅಂಕಿ ನಾನು ತಂದಿದ್ದೀನಿ" ಎಂದರು ಅತ್ತೆ. ಪಕ್ಕದ ಕುರ್ಚಿಯ ಕಡೆ ತಿರುಗಿ, "ಅಂಶ ಇವರು" ಎಂದರು.

ಆತ ಮೇಜಿನ ಅಂಚು ಹಿಡಿದುಕೊಂಡು ಮಾತು ಶುರುಮಾಡಿದರು. "ಮೊದ್ಲು ಕಣ್ಣಲ್ಲಿ ನೀರು ಬಂತು ಸಾ. ಆಮೇಕೆ ಗಂಟ್ಲು ಉರೀತು. ಇನ್ನೊಂದು ಸುತ್ತು ತಿರುಗ್ಸಿದ್ರೆ ಬಿಗಿ ಆಯ್ತದೆ ಅಂದ್ಕಂಡೆ. ಆಮೇಕೆ ಇನ್ನೊಂದು ಸುತ್ತು." ಇಲ್ಲಿ ನಿಲ್ಲಿಸಿ ಉಸಿರೆಳೆದುಕೊಂಡರು. ಯಾರೂ ಅವಸರ ಮಾಡಲಿಲ್ಲ. "ಓಡೋಗ್ಬೋದಾಗಿತ್ತು ಸಾ, ಬಾಗ್ಲು ತೆಗ್ದೇ ಇತ್ತು. ಎಷ್ಟೊತ್ತಿಗೆ ಓಡ್ಬೇಕು ಅಂತ ಎಲ್ಲೂ ಬರ್ದಿರ್ನಿಲ್ಲ."

ಆ ಅಧಿಕಾರಿ ಕಂಪ್ಯೂಟರಿನಿಂದ ಕೈ ತೆಗೆದು, ಪೆನ್ನು ಹಿಡಿದು ಆ ಮಾತನ್ನು ಬರೆದುಕೊಂಡರು.

ಮಧ್ಯಾಹ್ನದವರೆಗೆ ಚರ್ಚೆಯಾಯಿತು. ಅತ್ತೆ ಕೇಳಿದಷ್ಟು ಕೆಳಗೆ ಗೆರೆ ಇಳಿಯಲಿಲ್ಲ. ಆದರೆ ಸಮಿತಿ ಮೊದಲು ಬರೆದಿಟ್ಟಿದ್ದಕ್ಕಿಂತ ಎಷ್ಟೋ ಕೆಳಗೆ ಇಳಿಯಿತು. ಅಷ್ಟು ದಾಟಿದರೆ ಎಲ್ಲ ಕೆಲಸ ಬಿಟ್ಟು ಹೊರಗೆ ಬರಬೇಕು ಎಂಬುದೂ ಸೇರಿತು. ಈ ಸಲವೂ ಹಾಳೆಗೆ ಸಹಿ ಬಿತ್ತು. ಅತ್ತೆ ತಮ್ಮದನ್ನು ಹಾಕಿ, ಪೆನ್ನನ್ನು ಆತನ ಕೈಗೆ ಕೊಟ್ಟರು. ಹಾಗೆ ಮಾಡುವಂತಿಲ್ಲ ಎಂದು ಯಾರಾದರೂ ಹೇಳುತ್ತಾರೇನೋ ಎಂದು ನಾನು ಸುತ್ತ ನೋಡಿದೆ. ಯಾರೂ ಹೇಳಲಿಲ್ಲ.

ಬೂಕನಕೆರೆ ತಲುಪುವಾಗ ಇಳಿಹೊತ್ತು. ಅಂಗಡಿಯ ಮುಂದೆ ಇಳಿದ ಮೇಲೆ ಅತ್ತೆ, "ಆವತ್ತು ಸಮಿತೀಲಿ ನಂಗೆ ಗೊತ್ತಾಗಿತ್ತು ಕಣಪ್ಪ, ಈ ಲೆಕ್ಕ ಸರಿ ಇಲ್ಲ ಅಂತ" ಎಂದರು. "ದೊಡ್ಡೋರೆಲ್ಲ ಒಪ್ಕಂಡವ್ರಲ್ಲ ಅಂತ ಸುಮ್ನೆ ಕೂತಿದ್ದೆ."

"ಗೊತ್ತು" ಎಂದರು ಆತ. "ಆಸ್ಪತ್ರೇಲಿ ನೀವು ನನ್ನ ಮಕ ನೋಡ್ದಾಗ್ಲೇ ಗೊತ್ತಾಯ್ತು. ನೋಡಾಕೆ ಬಂದೋರು ನೀವೊಬ್ರೇ ಅಲ್ವಾ."

ಅತ್ತೆ ಇನ್ನೂ ಹೊಸ್ತಿಲಾಚೆಯೇ ಇದ್ದರು. ಒಳಗಿನಿಂದ ಆತನ ಹೆಂಡತಿ ಬಂದು, ಏನೂ ಕೇಳದೆ, ಅವರ ಕೈಗೆ ನೀರಿನ ಚೊಂಬು ಕೊಟ್ಟರು. ಅತ್ತೆ ಅದನ್ನು ನೋಡಿದರು. ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, ಹೊಸ್ತಿಲು ದಾಟಿದರು.

ಮುದ್ದೆ, ಸೊಪ್ಪಿನ ಸಾರು. ಅತ್ತೆ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಮೂಗು ಒರೆಸಿಕೊಂಡರು, ಮತ್ತೆ ಉಂಡರು. ಎದುರು ಕೂತಿದ್ದ ಆತ ಅವರ ತಟ್ಟೆಯನ್ನೇ ನೋಡುತ್ತಿದ್ದವರು, ಹೆಂಡತಿಯ ಕಡೆ ಕೈಸನ್ನೆ ಮಾಡಿ ಹೇಳಿದರು:

"ಅಕ್ಕಂಗೆ ಇನ್ನೊಂದು ಮುದ್ದೆ ಇಕ್ಕು."