ತೂಕ ಸಾಲದೆಂದ ಹಲಗೆ

ಭಾವ ಹೊಸ ಸರ್ಫಿಂಗ್ ಹಲಗೆಯ ಮೇಲಿನ ಲುಂಗಿಯನ್ನು ಸರ್ರನೆ ಎಳೆದರು. ಯಾವ ಯಂತ್ರ ಮಾಡಿದರೂ ಅದಕ್ಕೊಂದು ಪರದೆ ಬೇಕೇ ಬೇಕು ಅವರಿಗೆ. ಈ ಸಲ ಒಗೆದ ಲುಂಗಿ ಸಿಕ್ಕಿದ್ದು ನಮ್ಮ ಪುಣ್ಯ.

"ಇಷ್ಟೇಯಾ?" ಎಂದಳು ಯಶೋದಕ್ಕ. "ಇದರಲ್ಲಿ ಇವನ ಒಂದು ಕಾಲೂ ಹಿಡಿಯುದಿಲ್ಲ."

"ಆರೂವರೆ ಅಡಿ ಉಂಟು. ನೀನು ಸ್ವಲ್ಪ ಸುಮ್ಮನಿರು ಮಾರಾಯ್ತಿ."

ಇವನು ಎಂದರೆ ನಾನು, ವಾಮನ ಸಾಲಿಯಾನ್. ಹೆಸರಿಡುವಾಗ ಚಿಕ್ಕವನೇ ಇದ್ದೆ. ಈಗ ನೂರು ಕಿಲೊ ದಾಟಿ ಬಹಳ ಕಾಲವಾಯಿತು. ಸಸಿಹಿತ್ಲು ಕಡಲಿನಲ್ಲಿ ಅರ್ಧ ಊರಿಗೆ ಅಲೆಯ ಮೇಲೆ ನಿಲ್ಲಲು ಕಲಿಸಿದವನು ನಾನೇ. ಆದರೆ ನನ್ನನ್ನು ತೇಲಿಸುವ ಹಲಗೆ ಹತ್ತು ಅಡಿಯದು. ಅದು ನೇರ ದಡಕ್ಕೆ ಬರುತ್ತದೆ, ತಿರುಗು ಎಂದರೆ ತಿರುಗುವುದಿಲ್ಲ. ನಾನು ಕಲಿಸಿದವರೆಲ್ಲ ಗಿಡ್ಡ ಹಲಗೆಯ ಮೇಲೆ ಅಲೆಯನ್ನು ಸೀಳಿ ತಿರುಗುವಾಗ ದಡದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಸುಳ್ಳೇಕೆ, ಹೊಟ್ಟೆ ಉರಿಯುತ್ತಿತ್ತು. ಅದಕ್ಕೇ ಭಾನುವಾರದ ಗಿಡ್ಡ ಹಲಗೆ ಸ್ಪರ್ಧೆಗೆ ಹೆಸರು ಕೊಟ್ಟಿದ್ದೆ. ಬಹುಮಾನ ಬೇಡ, ಒಂದೇ ಒಂದು ಸಲ ಅಲೆಯ ಮೇಲೆ ತಿರುಗಬೇಕಿತ್ತು.

ಭಾವ ತಾರಾನಾಥರು ದೋಣಿಯ ಎಂಜಿನ್ ರಿಪೇರಿ ಮಾಡುವವರು. ಎಂಜಿನ್ ಬಾರದ ದಿನ ಲೋಕವನ್ನು ರಿಪೇರಿ ಮಾಡುತ್ತಾರೆ.

"ಉದ್ದ ಕಡಿಮೆ ಮಾಡಿದ್ರೆ ಅಗಲ, ದಪ್ಪ ಜಾಸ್ತಿ ಮಾಡ್ಬೇಕು. ಅಷ್ಟೇ ಗುಟ್ಟು," ಎಂದರು. "ಕಡಲಪಾಚಿ ಕುದಿಸಿ ಮಾಡಿದ ಬುರುಗು ಒಳಗುಂಟು. ಮೊದಲ ಸಲ ಉಪ್ಪುನೀರು ತಾಗುವಾಗ ಮೇಲೆ ಎಷ್ಟು ತೂಕ ಉಂಟೋ ಅದನ್ನು ನೆನಪಿಡ್ತದೆ. ಮತ್ತೆ ಕಡಲಿಗೆ ಇಳಿದ ಕೂಡ್ಲೆ ಆ ತೂಕಕ್ಕೆ ಬೇಕಾದಷ್ಟು ಉಬ್ತದೆ. ಮಾತೂ ಆಡ್ತದೆ."

"ಹಲಗೆಗೆ ಮಾತು ಎಂತಕ್ಕೆ?"

"ನಿನ್ನ ತಮ್ಮ ಅಲ್ಲಿ ಒಬ್ಬನೇ ಇರ್ತಾನಲ್ಲ. ಬೇಜಾರಾಗ್ಬಾರ್ದು."

ಭಾನುವಾರ ಬೆಳಿಗ್ಗೆ ದಡದಲ್ಲಿ ಹಲಗೆಯನ್ನು ಇಳಿಸುವಷ್ಟರಲ್ಲಿ ಭಾವನ ತಾಯಿ ಕಮಲಜ್ಜಿ ಅಡ್ಡ ಬಂದರು. ಹೊಸ ದೋಣಿಯಲ್ಲಿ ಮನೆಯವರೆಲ್ಲ ಒಟ್ಟಿಗೆ ಕೂತು, ಹಿರಿಯರು ಒಂದು ಬೊಗಸೆ ಕಡಲ ನೀರು ಚಿಮುಕಿಸದೆ ಅದನ್ನು ನೀರಿಗಿಳಿಸುವ ಕ್ರಮ ಆ ಮನೆಯಲ್ಲಿಲ್ಲ.

"ಅಜ್ಜಿ, ಇದು ದೋಣಿ ಅಲ್ಲ," ಎಂದೆ.

"ತೇಲ್ತದಾ?"

"ತೇಲ್ತದೆ."

"ಹಾಗಾದ್ರೆ ದೋಣಿಯೇ. ಕೂತ್ಕೊಳ್ಳಿ."

ನಾನು, ಅಕ್ಕ, ಭಾವ, ಅಜ್ಜಿ ಒತ್ತೊತ್ತಾಗಿ ಕೂತೆವು. ಕೂತವರಿಗೆ ತಿಂಡಿ ಉಂಟೆಂದು ತಿಳಿದು ಪಕ್ಕದ ಮನೆಯ ಸಿಪ್ರಿಯಾನಣ್ಣನೂ ಬಂದು ಕೂತರು. ಅಜ್ಜಿ ನೀರು ಚಿಮುಕಿಸಿದರು. ಹಲಗೆ ಒಮ್ಮೆ ಗುರ್ರೆಂದಿತು. ಭಾವನಿಗೆ ಆಗ ಏನೂ ಹೊಳೆಯಲಿಲ್ಲ. ತಾಯಿಯ ಎದುರು ಅವರಿಗೆ ಯಾವತ್ತೂ ಏನೂ ಹೊಳೆಯುವುದಿಲ್ಲ.

ಸ್ಪರ್ಧೆ ನಡೆಸುವ ಹರಿಣಾಕ್ಷಿ ನನ್ನ ಹಳೆಯ ಶಿಷ್ಯೆ. ಟೇಪು ಹಿಡಿದು ಹಲಗೆಯ ಉದ್ದ ಅಳೆದಳು. "ಏಳು ಅಡಿಯೊಳಗೆ ಉಂಟು ವಾಮನಣ್ಣ. ಹೋಗಿ."

ಹೋದೆ. ಹಲಗೆ ಉಬ್ಬಿತು. ಚೆನ್ನಾಗಿಯೇ ಉಬ್ಬಿತು. ಸಾಕು ಎಂದೆ, ಮತ್ತೂ ಉಬ್ಬಿತು! ಅಲೆಗಳ ಆಚೆ ತಲುಪುವಾಗ ನಾನು ಮಂಚಕ್ಕಿಂತ ಎತ್ತರದ ಹಾಸಿಗೆಯೊಂದರ ಮೇಲೆ ಕೂತಿದ್ದೆ. ಉದ್ದ ಮಾತ್ರ ಅದೇ ಆರೂವರೆ ಅಡಿ. ಅಲೆಗಳು ಬಂದು ಅಡಿಯಿಂದ ನುಸುಳಿ ಹೋದವು. ಹಲಗೆ ಜಗ್ಗಲಿಲ್ಲ.

ಆಮೇಲೆ ಅದು ಭಾವನ ದನಿಯಲ್ಲಿ ಹೇಳಿತು: "ತೂಕ ಸಾಲದು."

ಡಾಕ್ಟರು, ಟೈಲರು, ಬಸ್ಸಿನಲ್ಲಿ ಪಕ್ಕದ ಸೀಟಿನವರು, ಯಾರೂ ನನಗೆ ಈವರೆಗೆ ಈ ಮಾತು ಹೇಳಿರಲಿಲ್ಲ. ಒಂದು ಕ್ಷಣ ಖುಷಿಯೇ ಆಯಿತು. ಮರುಕ್ಷಣ ನೋಡಿದರೆ ಗಾಳಿ ನನ್ನನ್ನು ಒಳಗಡಲಿಗೆ ಒಯ್ಯುತ್ತಿತ್ತು. ಹಾರಿ ಈಜಿ ಬರಬಹುದಿತ್ತು. ಆದರೆ ದಡದಲ್ಲಿ ನಿಂತಿದ್ದದ್ದು ನಾನು ಕಲಿಸಿದ ಆ ಅರ್ಧ ಊರು. ಹಾರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಭಾವನ ದೋಣಿ ಬಂತು. ಅದರಲ್ಲಿ ಅಕ್ಕ, ಅಜ್ಜಿ, ಸಿಪ್ರಿಯಾನಣ್ಣ ಎಲ್ಲರೂ ಇದ್ದರು.

"ಇದಕ್ಕೆ ಐದು ಜನರ ತೂಕ ನೆನಪುಂಟು!" ಎಂದು ಭಾವ ತಲೆ ಚಚ್ಚಿಕೊಂಡರು.

"ನೀವು ಮಾಡಿದ್ದು ಯಾವುದು ಸರಿ ಉಂಟು?" ಎಂದಳು ಅಕ್ಕ.

"ಐದು ಜನ ಬೇಕಾದ್ರೆ ಐದು ಜನ ಕೊಡಿ," ಎಂದು ಅಜ್ಜಿ ಸೆರಗು ಸಿಕ್ಕಿಸಿದರು. "ಹೆಸರು ಕೊಟ್ಟು ಹಾಗೇ ವಾಪಸ್ ಬರುದುಂಟಾ?"

ದೋಣಿಗೆ ಲಂಗರು ಹಾಕಿ ಒಬ್ಬೊಬ್ಬರೇ ಹಲಗೆಗೆ ಹತ್ತಿದರು. ಅಜ್ಜಿ ಹತ್ತಿದರೆ "ಸಾಲದು". ಅಕ್ಕ ಹತ್ತಿದರೆ "ಸಾಲದು". ಭಾವ ಹತ್ತಿದಾಗಲೂ ಅವರದೇ ದನಿ "ಸಾಲದು" ಎಂದಿತು. ಕೊನೆಗೆ ಸಿಪ್ರಿಯಾನಣ್ಣ ಹತ್ತಿದರು.

"ಸರಿ," ಎಂದಿತು ಹಲಗೆ.

ಎಲ್ಲರೂ ಕೈಯಲ್ಲೇ ಹುಟ್ಟು ಹಾಕಿ ಅಲೆ ಏಳುವಲ್ಲಿಗೆ ಬಂದೆವು. ಹಿಂದಿನಿಂದ ಅಲೆ ಎತ್ತಿಕೊಂಡಿತು. ನಾನು ಎದ್ದು ನಿಂತೆ. ಎದುರಿಗೆ ಬಲೆ ಬಿಡುತ್ತಿದ್ದ ದೋಣಿಯೊಂದು ಹತ್ತಿರವಾಗುತ್ತಿತ್ತು. ಅಕ್ಕ "ಎಲ್ಲ ಬಲಕ್ಕೆ ವಾಲಿ!" ಎಂದು ಕಿರುಚಿದಳು. ಅಕ್ಕ ಕಿರುಚಿದರೆ ನಮ್ಮಲ್ಲಿ ಯಾರೂ ಎರಡು ಮಾತಾಡುವುದಿಲ್ಲ. ಎಲ್ಲರೂ ವಾಲಿದೆವು.

ಹಲಗೆ ತಿರುಗಿತು. ಅಲೆಯನ್ನು ಸೀಳಿ, ನೀರು ಚಿಮ್ಮಿಸಿ, ನಾನು ಎಷ್ಟೋ ವರ್ಷಗಳಿಂದ ದಡದಲ್ಲಿ ನಿಂತು ನೋಡಿದ ಹಾಗೆಯೇ ತಿರುಗಿತು. ನನ್ನ ಕಣ್ಣು ತುಂಬಿ ಬಂತು. ಕೇಳಿದವರಿಗೆ ಉಪ್ಪುನೀರು ಹೋಯಿತು ಎಂದೆ.

ದಡದಲ್ಲಿ ಹರಿಣಾಕ್ಷಿ ಮತ್ತೆ ಟೇಪು ಹಿಡಿದಳು. ಆರೂವರೆ ಅಡಿಯೇ. ಹಲಗೆಯ ಮೇಲೆ ಎಷ್ಟು ಜನ ಇರಬೇಕೆಂದು ನಿಯಮದಲ್ಲಿ ಇರಲಿಲ್ಲ. ತಲೆ ಕೆರೆದುಕೊಂಡು ಸಮಾಧಾನಕರ ಬಹುಮಾನವೆಂದು ಒಂದು ಟೀ ಶರ್ಟು ಕೊಟ್ಟಳು. ನನ್ನ ಮೈ ಅದರಲ್ಲಿ ಹಿಡಿಯಲಿಲ್ಲ, ಸಿಪ್ರಿಯಾನಣ್ಣ ಹಾಕಿಕೊಂಡು ತಿರುಗುತ್ತಿದ್ದಾರೆ.

ಹಲಗೆಯ ನೆನಪನ್ನು ಅಳಿಸುವ ಉಪಾಯ ಭಾವನಿಗೆ ಇನ್ನೂ ಸಿಕ್ಕಿಲ್ಲ. ನಿನ್ನೆ ಒಬ್ಬನೇ ಅದನ್ನು ಕಡಲಿಗೆ ಒಯ್ದು ಹತ್ತಿ ಕೂತೆ.

"ತೂಕ ಸಾಲದು," ಎಂದಿತು.

ಮನೆಗೆ ಬಂದು, ಇನ್ನೂ ನಾಲ್ಕು ನೀರುದೋಸೆ ಹಾಕು ಎಂದು ಅಕ್ಕನಿಗೆ ಹೇಳಿದೆ.